ಮೊಬೈಲಿಗೆ ಬಂದ ಸಲಹೆ, ಹೊಲದಲ್ಲಿ ನಿಂತ ರೈತ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಬೈಲಿಗೆ ಬರುವ ಕೃಷಿ ಹಾಗೂ ಪಶುಪಾಲನಾ ಸಂದೇಶಗಳನ್ನು ಕುರಿತವು. ಆದ್ದರಿಂದ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರಿನ ಬದಲು ತಾಲ್ಲೂಕನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮ್ಮದು ಮೂರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ, ಬಿ.ಟಿ. ಹತ್ತಿ ಹಾಕಿದ್ದೇವೆ. "ಹತ್ತಿ ಎಲೆ ಕೆಂಪಾಗಿದೆ, ಏನು ಮಾಡಬೇಕು" ಎಂದು ಸಂದೇಶ ಕಳಿಸಿದ್ದಕ್ಕೆ "ಪೋಷಕಾಂಶ ಸಿಂಪಡಿಸಿ, ಕೀಟವಿದ್ದರೆ ಹತೋಟಿ ಮಾಡಿ" ಎಂಬ ಉತ್ತರ ಬಂತು. ಯಾವ ಪೋಷಕಾಂಶ, ಯಾವ ಕೀಟ ಎಂಬುದೇ ಇಲ್ಲ. ಇಂಥ ಉತ್ತರದಿಂದ ಏನು ಪ್ರಯೋಜನ? — ದೇವದುರ್ಗ ತಾಲ್ಲೂಕು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಎಲೆ ಕೆಂಪಾಗುವುದು ಒಂದು ರೋಗವಲ್ಲ, ನಾಲ್ಕೈದು ಬೇರೆ ಬೇರೆ ತೊಂದರೆಗಳು ಹೊರಗೆ ತೋರುವ ಒಂದೇ ಲಕ್ಷಣ. ಗಿಡ ಕಾಯಿ ಹೊತ್ತ ಕಾಲದಲ್ಲಿ ಸಾರಜನಕ ಸಾಲದೆ ಹೋದರೆ ಎಲೆ ಕೆಂಪಾಗುತ್ತದೆ. ಮೆಗ್ನೀಷಿಯಂ ಕೊರತೆಯಿಂದಲೂ ಆಗುತ್ತದೆ. ಎರೆ ಹೊಲದಲ್ಲಿ ಮಳೆನೀರು ನಿಂತು ಬೇರಿಗೆ ಉಸಿರಾಟ ಕಟ್ಟಿದಾಗಲೂ, ರಾತ್ರಿಯ ಚಳಿ ಹೆಚ್ಚಿದಾಗಲೂ, ಹಸಿರು ಜಿಗಿಹುಳು ರಸ ಹೀರಿದಾಗಲೂ ಆಗುತ್ತದೆ. ಇವುಗಳಲ್ಲಿ ಯಾವುದು ಎಂಬುದನ್ನು ರಾಯಚೂರಿನಲ್ಲಿ ಕುಳಿತವರು ನಿಮ್ಮ ನಾಲ್ಕು ಮಾತಿನ ಸಂದೇಶದಿಂದ ತಿಳಿಯಲಾರರು. ಹೊಲದಲ್ಲಿ ನಿಂತ ನೀವು ಹತ್ತು ನಿಮಿಷದಲ್ಲಿ ತಿಳಿಯಬಲ್ಲಿರಿ.

ಮೊದಲು ಕೆಂಪು ಎಲ್ಲಿದೆ ಎಂಬುದನ್ನು ನೋಡಿ. ಗಿಡದ ಕೆಳಭಾಗದ ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ನೇರಳೆಗೆಂಪಾಗಿದ್ದರೆ ಮೆಗ್ನೀಷಿಯಂ ಕೊರತೆ ಎಂದು ತಿಳಿಯಬಹುದು. ಎಲೆಯ ಅಂಚು ಹಳದಿಯಾಗಿ, ಕೆಳಮುಖವಾಗಿ ಮುದುರಿ, ಆಮೇಲೆ ಕೆಂಪಾಗಿದ್ದರೆ ಎಲೆಯನ್ನು ತಿರುವಿ ತಳಭಾಗವನ್ನು ನೋಡಬೇಕು. ತಿಳಿಹಸಿರು ಬಣ್ಣದ ಸಣ್ಣ ಹುಳುಗಳು ಅಡ್ಡಡ್ಡವಾಗಿ ಸರಿದಾಡಿದರೆ ಅದು ಜಿಗಿಹುಳು. ಎಲೆಗೆ ಎರಡು ಮರಿಹುಳು ಮೀರಿದಾಗಲೇ ಔಷಧಿಯ ಯೋಚನೆ ಮಾಡಬೇಕು. ಪೋಷಕಾಂಶದ ಕೊರತೆಯಾಗಿದ್ದರೆ ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಮತ್ತು 10 ಗ್ರಾಂ 19:19:19 ಗೊಬ್ಬರವನ್ನು ಕರಗಿಸಿ, 10ರಿಂದ 15 ದಿನಗಳ ಅಂತರದಲ್ಲಿ ಎರಡು ಬಾರಿ ಸಿಂಪಡಿಸಿ. ಒಮ್ಮೆ ಕೆಂಪಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಮೇಲಿನ ಎಲೆಗಳು ಉಳಿಯುತ್ತವೆ. ಸಿಂಪಡಣೆ ಫಲಿಸಲಿಲ್ಲವೆಂದು ಮೂರನೆಯ ದಿನವೇ ಅಂಗಡಿಗೆ ಓಡುವವರು ಇದನ್ನು ನೆನಪಿಡಬೇಕು.

ಇಷ್ಟು ನೋಡಿದ ಮೇಲೆ ನಿಮ್ಮ ಸಂದೇಶ ಹೀಗಿರಲಿ: "ದೇವದುರ್ಗ, ಎರೆ, ಹತ್ತಿ 95 ದಿನ. ಕೆಳಗಿನ ಎಲೆ ಕೆಂಪು, ನರ ಹಸಿರು. ಹುಳು ಇಲ್ಲ. ನೀರು ನಿಂತಿಲ್ಲ. ಯೂರಿಯಾ ಕೊಟ್ಟು ತಿಂಗಳಾಯಿತು." ಇದನ್ನು ಓದಿದ ತಜ್ಞರಿಗೆ ಜಾರಿಕೊಳ್ಳುವ ಉತ್ತರ ಬರೆಯಲು ಆಸ್ಪದವೇ ಇರುವುದಿಲ್ಲ. ಸಂದೇಶಗಳು ಇಷ್ಟು ಮೊಟಕಾಗಿರುವುದಕ್ಕೆ ಒಂದು ತಾಂತ್ರಿಕ ಕಾರಣವೂ ಉಂಟು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರಗಳಿಗೆ ಜಾಗವಿದ್ದರೆ ಕನ್ನಡದ್ದರಲ್ಲಿ 70ಕ್ಕೆ ಮಾತ್ರ ಇದೆ. ಅದರಲ್ಲೂ ಒತ್ತಕ್ಷರ ಮತ್ತು ಗುಣಿತದ ಚಿಹ್ನೆಗಳು ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುವುದರಿಂದ "ಹತ್ತಿ" ಎಂಬ ಪದವೊಂದೇ ಐದರ ಜಾಗ ಹಿಡಿಯುತ್ತದೆ. ಹಾಗೆಂದು ಸಲಹೆ ಕಳಿಸುವವರು ಔಷಧಿಯ ಹೆಸರು, ಪ್ರಮಾಣಗಳನ್ನೇ ಬಿಟ್ಟುಬಿಡುವುದು ಒಪ್ಪತಕ್ಕದ್ದಲ್ಲ. ಒಂದರ ಬದಲು ಮೂರು ಸಂದೇಶ ಕಳಿಸಲಿ, ರೈತರು ಓದುತ್ತಾರೆ.

ಪ್ರಶ್ನೆ: "ತೊಗರಿಯಲ್ಲಿ ಕಾಯಿಕೊರಕದ ಬಾಧೆ ಕಂಡುಬಂದಿದೆ, ಹತೋಟಿ ಕ್ರಮ ಕೈಗೊಳ್ಳಿ" ಎಂಬ ಸಂದೇಶ ಬಂದ ಮರುದಿನವೇ ಊರಿನವರೆಲ್ಲ ಎಣ್ಣೆ (ಕೀಟನಾಶಕ) ಹೊಡೆಯತೊಡಗಿದರು. ನಾನೂ ಹೊಡೆಯಬೇಕೇ? ಇನ್ನೊಂದು ಸಂಗತಿ: ಪ್ರಮಾಣವನ್ನು ಲೀಟರ್ ಲೆಕ್ಕದಲ್ಲಿ ಹೇಳುತ್ತಾರೆ, ನಮಗೆ ಬೇಕಾದದ್ದು ಪಂಪಿನ ಲೆಕ್ಕ. — ಲಿಂಗಸುಗೂರು ತಾಲ್ಲೂಕು

ಉತ್ತರ: ಆ ಸಂದೇಶ ಇಡೀ ತಾಲ್ಲೂಕಿಗೆ ಕಳಿಸಿದ್ದು. ಎಲ್ಲೋ ಕೆಲವು ಹೊಲಗಳಲ್ಲಿ ಹುಳು ಕಂಡಿದೆ, ನಿಮ್ಮಲ್ಲಿಯೂ ಇರಬಹುದು, ಹೋಗಿ ನೋಡಿ ಎಂಬುದಷ್ಟೇ ಅದರ ಅರ್ಥ. ಅದನ್ನು ಸಿಂಪಡಣೆಗೆ ಬಂದ ಅಪ್ಪಣೆ ಎಂದು ತಿಳಿಯಬಾರದು. ಹೊಲದ ಐದು ಕಡೆ ನಾಲ್ಕು ನಾಲ್ಕರಂತೆ ಇಪ್ಪತ್ತು ಗಿಡಗಳನ್ನು ಆರಿಸಿ, ಮೊಗ್ಗು ಮತ್ತು ಹೂಗಳ ಮೇಲೆ ಬಿಳಿಯ ಸಣ್ಣ ಮೊಟ್ಟೆಗಳಿವೆಯೇ ನೋಡಿ. ಆಮೇಲೆ ಬುಡದಲ್ಲಿ ಹಳೆಯ ಸೀರೆಯನ್ನೋ ಚೀಲವನ್ನೋ ಹಾಸಿ ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ. ಸರಾಸರಿ ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಹುಳು ಕಂಡರೆ ಸಿಂಪಡಣೆಯ ಕಾಲ ಬಂದಿದೆ. ಅದಕ್ಕಿಂತ ಕಡಿಮೆಯಿದ್ದರೆ ಉದುರಿದ ಹುಳುಗಳನ್ನು ಅಲ್ಲೇ ನಾಶಮಾಡಿ, ಹಕ್ಕಿಗಳು ಕೂರಲು ಹೊಲದಲ್ಲಿ ಅಲ್ಲಲ್ಲಿ ಕವಲುಕಟ್ಟಿಗೆ ನೆಟ್ಟು, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಹುಳು ಸಣ್ಣದಿರುವಾಗ ಬೇವಿನ ಬೀಜದ ಶೇಕಡಾ 5ರ ಕಷಾಯವೂ ಕೆಲಸ ಮಾಡುತ್ತದೆ; ಐದು ಕಿಲೋ ಬೀಜದ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ಮಾಡಿಕೊಂಡರೆ ಆ ಪ್ರಮಾಣ ಸಿಗುತ್ತದೆ. ಬೆರಳುದ್ದ ಬೆಳೆದು ಕಾಯಿಯೊಳಗೆ ತಲೆ ತೂರಿಸಿದ ಹುಳುವಿಗೆ ದುಬಾರಿ ಔಷಧಿಯೂ ಸರಿಯಾಗಿ ತಾಗುವುದಿಲ್ಲ. ಆದ್ದರಿಂದ ಸಂದೇಶ ಬಂದ ದಿನ ಹೊಲಕ್ಕೆ ಹೋಗದೆ ಉಳಿಯುವುದು, ನೋಡದೆ ಹೊಡೆಯುವುದು, ಎರಡೂ ನಷ್ಟದ ದಾರಿಗಳೇ.

ಪಂಪಿನ ಲೆಕ್ಕ ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಔಷಧಿ ಹೆಚ್ಚು ಕಡಿಮೆಯಾಗುವುದು ಇಲ್ಲಿಯೇ. ಎಕರೆಗೆ 200 ಲೀಟರ್ ನೀರು ಎಂದುಕೊಂಡರೆ 16 ಲೀಟರಿನ ಪಂಪಿನಲ್ಲಿ ಹನ್ನೆರಡೂವರೆ ಪಂಪು ಆಗುತ್ತದೆ. ಉದಾಹರಣೆಗೆ, ತೊಗರಿಗೆ ಹೂ ಉದುರದಂತೆ ಕೊಡುವ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶ ಮಿಶ್ರಣ ಲೀಟರಿಗೆ 10 ಗ್ರಾಂ. ಅಂದರೆ ಪಂಪಿಗೆ 160 ಗ್ರಾಂ, ಎಕರೆಗೆ 2 ಕಿಲೋ. ಇದು ಸುಲಭದ ಲೆಕ್ಕ. ಆದರೆ ಲೀಟರಿಗೆ 0.2 ಗ್ರಾಂ ಎಂದು ಸಂದೇಶದಲ್ಲಿದ್ದರೆ ಪಂಪಿಗೆ 3.2 ಗ್ರಾಂ ಆಗುತ್ತದೆ, ಅದನ್ನು ಬಾಟಲಿಯ ಮುಚ್ಚಳದಲ್ಲಿ ಅಳೆಯುವುದು ಆಗದ ಮಾತು. ಇದಕ್ಕೊಂದು ಉಪಾಯವಿದೆ. ಒಂದು ಎಕರೆಗೆ ಬೇಕಾದ ಅಷ್ಟೂ ಔಷಧಿಯನ್ನು ತೂಕ ಮಾಡಿಸಿ ತಂದು, ಬಕೆಟ್ಟಿನಲ್ಲಿ ಅಳತೆಯ ಲೋಟದಿಂದ ಹನ್ನೆರಡೂವರೆ ಲೋಟ ನೀರು ಹಾಕಿ ಚೆನ್ನಾಗಿ ಕರಗಿಸಿ, ಪ್ರತಿ ಪಂಪಿಗೂ ಕದಡಿ ಒಂದೊಂದು ಲೋಟ ಸುರಿಯಿರಿ. ಆ ಬಕೆಟ್ಟು, ಲೋಟ ಮತ್ತೆಂದೂ ಮನೆಯೊಳಗೆ ಬರಬಾರದು.

ಪ್ರಶ್ನೆ: "ಕೆಲವೆಡೆ ಸಾಧಾರಣ ಮಳೆ" ಎಂಬ ಸಂದೇಶ ನಂಬಿ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಮೆಕ್ಕೆಜೋಳ ಬಿತ್ತಿದೆ. ಪಕ್ಕದ ಊರಿಗೆ ಮಳೆಯಾಯಿತು, ನಮ್ಮಲ್ಲಿ ಹನಿಯೂ ಬೀಳಲಿಲ್ಲ. ಬೀಜ ಹೋಯಿತು. — ಸಂಡೂರು ತಾಲ್ಲೂಕು

ಉತ್ತರ: ಹವಾಮಾನ ಇಲಾಖೆಯ ಭಾಷೆಯಲ್ಲಿ ಈ ಪದಗಳಿಗೆಲ್ಲ ಖಚಿತವಾದ ಅಳತೆಯಿದೆ, ಅದನ್ನು ಯಾರೂ ರೈತರಿಗೆ ಬಿಡಿಸಿ ಹೇಳದಿರುವುದು ದೊಡ್ಡ ಕೊರತೆ. "ಒಂದೆರಡು ಕಡೆ" ಎಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಕಾಲುಭಾಗದವರೆಗೆ, "ಕೆಲವೆಡೆ" ಎಂದರೆ ಅರ್ಧದವರೆಗೆ, "ಹಲವೆಡೆ" ಎಂದರೆ ಮುಕ್ಕಾಲು ಭಾಗದವರೆಗೆ ಮಳೆಯ ನಿರೀಕ್ಷೆ. ನಿಮಗೆ ಬಂದ ಸಂದೇಶದಂತೆ ಅರ್ಧಕ್ಕಿಂತ ಹೆಚ್ಚು ಕಡೆ ಮಳೆ ಬರದಿರುವ ಸಂಭವವೇ ಇತ್ತು. ಇನ್ನು "ಸಾಧಾರಣ" ಎಂಬುದು 15.6ರಿಂದ 64.4 ಮಿಲಿಮೀಟರ್ ತನಕದ ಮಳೆಗೆ ಹೇಳುವ ಮಾತು. ಅದರ ಕೆಳತುದಿಯ ಮಳೆಗೆ ಮಸಾರಿಯ ಮೇಲ್ಪದರ ತೊಯ್ದರೆ ಹೆಚ್ಚು, ಮೇಲ್ತುದಿಯದಾದರೆ ಬಿತ್ತನೆಗೆ ಸಾಕು.

ಬರುವ ಮಳೆಯನ್ನು ನಂಬಿ ಬಿತ್ತಬೇಡಿ, ಬಿದ್ದ ಮಳೆಯನ್ನು ನೋಡಿ ಬಿತ್ತಿ. ಗುದ್ದಲಿಯಿಂದ ಅಗೆದಾಗ ಒಂದು ಗೇಣು ಆಳದವರೆಗೆ ಹಸಿಯಿರಬೇಕು. ಮುನ್ಸೂಚನೆಯನ್ನು ಗೊಬ್ಬರ ಎರಚುವ, ಔಷಧಿ ಹೊಡೆಯುವ, ಒಣಗಲು ಹಾಕಿದ ಮೆಣಸಿನಕಾಯಿ ಮುಚ್ಚುವ ಕೆಲಸಗಳಿಗೆ ಬಳಸಿಕೊಳ್ಳಿ. ಅಲ್ಲಿ ಅದು ತಪ್ಪಿದರೂ ಬೀಜದಷ್ಟು ದೊಡ್ಡ ನಷ್ಟವಿಲ್ಲ. ಗ್ರಾಮೀಣ ಕೃಷಿ ಹವಾಮಾನ ಸೇವೆಯ ವರದಿ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ನಡುವಿನ ದಿನಗಳಲ್ಲಿ ನಿಮ್ಮ ಭಾಗದ ಮಳೆಯ ಬಗ್ಗೆ ತಿಳಿಯಬೇಕಾದರೆ ರಾಜ್ಯದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಬಹುದು.

ಪ್ರಶ್ನೆ: ಮನೆಯವರು ಗುಳೆ ಹೋಗಿ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾರೆ. ಎರಡೆಕರೆ ಹೊಲ, ಎರಡು ಆಕಳು ನಾನೇ ನೋಡಿಕೊಳ್ಳುತ್ತೇನೆ. ಸಂದೇಶಗಳೆಲ್ಲ ಅವರ ಫೋನಿಗೆ ಹೋಗುತ್ತವೆ. ಎಳೆ ಜೋಳ ಮೇಯಿಸಬೇಡಿ ಎಂಬ ಸಂದೇಶವನ್ನು ಅವರು ನನಗೆ ಹೇಳುವಷ್ಟರಲ್ಲಿ ಒಂದು ಆಕಳು ಕೂಳೆಜೋಳ ಮೇಯ್ದು ಸತ್ತಿತ್ತು. — ಕುಷ್ಟಗಿ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರ ಓದಿ ಬಹಳ ಸಂಕಟವಾಯಿತು. ಸಲಹೆಯ ಸಂದೇಶ ಪಹಣಿಯಲ್ಲಿ ಹೆಸರಿರುವವರಿಗೆ ತಲುಪಿದರೆ ಸಾಲದು, ಹೊಲದಲ್ಲಿ ಇರುವವರಿಗೆ ತಲುಪಬೇಕು. ಗುಳೆ ಹೋಗುವ ನಮ್ಮ ಜಿಲ್ಲೆಗಳಲ್ಲಿ ಈ ಇಬ್ಬರೂ ಒಬ್ಬರೇ ಅಲ್ಲದ ಮನೆಗಳು ಸಾವಿರಾರು ಇವೆ, ಇದನ್ನು ಇಲಾಖೆಗಳು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನೀವು ಈಗಲೇ ಮಾಡಬಹುದಾದದ್ದು ಎರಡಿದೆ. ಹಣ ಜಮೆ, ವಿಮೆ, ಬೆಳೆ ಸಮೀಕ್ಷೆಗಳ ಸಂದೇಶ ಫ್ರೂಟ್ಸ್ ಎಂಬ ಸರ್ಕಾರದ ರೈತರ ನೋಂದಣಿಯಲ್ಲಿರುವ ಯಜಮಾನರ ಸಂಖ್ಯೆಗೇ ಹೋಗುತ್ತದೆ. ಅದನ್ನು ಬದಲಿಸಬೇಕಾದರೆ ಅವರು ಊರಿಗೆ ಬಂದಾಗ ಆಧಾರ್ ಸಮೇತ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಬೆಳೆ, ದನಗಳ ಸಲಹೆಗೆ ಅಷ್ಟು ಕಾಯಬೇಕಿಲ್ಲ. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ಕ್ಕೆ ನಿಮ್ಮ ಫೋನಿನಿಂದಲೇ ಕರೆ ಮಾಡಿ, ನಿಮ್ಮ ಹೆಸರು, ಊರು, ಬೆಳೆ, ಸಾಕಿರುವ ದನಗಳನ್ನು ತಿಳಿಸಿ, 2013ರಲ್ಲಿ ಆರಂಭವಾದ ಎಂ-ಕಿಸಾನ್ ಸಂದೇಶ ಸೇವೆಗೆ ನಿಮ್ಮ ಸಂಖ್ಯೆಯನ್ನು ಸೇರಿಸಲು ಕೇಳಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತನಾಡುತ್ತಾರೆ. ಸಂದೇಶ ಓದಲು ತೊಡಕಾದರೆ ಅಥವಾ ಕೀಪ್ಯಾಡ್ ಫೋನಿನಲ್ಲಿ ಕನ್ನಡದ ಬದಲು ಚೌಕಗಳು ಮೂಡಿದರೆ ಇದೇ ಸಂಖ್ಯೆಗೆ ಕರೆ ಮಾಡಿ ಕೇಳಿ ತಿಳಿಯಬಹುದು.

ಉಳಿದ ಆಕಳಿನ ವಿಷಯದಲ್ಲಿ ಇಷ್ಟನ್ನು ಗಮನಿಸಿ. ಮೊಣಕಾಲೆತ್ತರದ ಎಳೆ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ಲಿನ ನಂತರ ಕೂಳೆಯಿಂದ ಬರುವ ಚಿಗುರು, ಈ ಮೂರರಲ್ಲೂ ಸೈನೈಡ್ ವಿಷ ಉಂಟುಮಾಡುವ ಅಂಶ ಹೆಚ್ಚಿರುತ್ತದೆ. ಬರದ ನಂತರ ಒಂದು ಮಳೆ ಬಿದ್ದು ಕೂಳೆ ಹಸಿರಾಗಿ ಚಿಗುರಿದಾಗ ಅಪಾಯ ಅತಿ ಹೆಚ್ಚು, ದನಗಳಿಗೆ ಆಸೆಯೂ ಆಗಲೇ ಹೆಚ್ಚು. ಹೂವಾಡಿದ ಮೇಲಿನ ಜೋಳವನ್ನು ಅಥವಾ ಕೊಯ್ದು ಚೆನ್ನಾಗಿ ಒಣಗಿಸಿದ ಸೊಪ್ಪೆಯನ್ನು ಹಾಕಬಹುದು. ಮೇಯ್ದ ಸ್ವಲ್ಪ ಹೊತ್ತಿನಲ್ಲೇ ಏದುಸಿರು, ಜೊಲ್ಲು, ತೂರಾಟ ಕಂಡರೆ ಮನೆಮದ್ದಿಗೆ ಸಮಯ ಕಳೆಯಬೇಡಿ. ಇದಕ್ಕೆ ಸೋಡಿಯಂ ಥಯೋಸಲ್ಫೇಟ್ ಎಂಬ ಪ್ರತಿವಿಷವನ್ನು ಪಶುವೈದ್ಯರು ರಕ್ತನಾಳಕ್ಕೆ ಕೊಡಬೇಕು. 1962ಕ್ಕೆ ಕರೆ ಮಾಡಿ "ಜೋಳ ಮೇಯ್ದಿದೆ" ಎಂಬುದನ್ನೇ ಮೊದಲ ಮಾತಾಗಿ ಹೇಳಿ, ಆಗ ಅವರು ಔಷಧಿ ಜೊತೆಗೇ ತರುತ್ತಾರೆ.

ಪ್ರಶ್ನೆ: ಕಿಸಾನ್ ಸಮ್ಮಾನ್ ಹಣ ನಿಂತಿದೆ, ಈ ಲಿಂಕ್ ಒತ್ತಿ ಎಂಬ ಸಂದೇಶ ಬರುತ್ತಿದೆ. ಒತ್ತಬಹುದೇ? — ಗಂಗಾವತಿ ತಾಲ್ಲೂಕು

ಉತ್ತರ: ಒತ್ತಬೇಡಿ. ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುವ ಆ ಹಣಕ್ಕಾಗಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವ ಎಪಿಕೆ (ಆ್ಯಪ್ ಅಳವಡಿಸುವ) ಕಡತವನ್ನೂ ಫೋನಿಗೆ ಹಾಕಿಕೊಳ್ಳುವ ಅಗತ್ಯವಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2025ರಲ್ಲಿ ಮಾಡಿದ ನಿಯಮದಂತೆ ಸರ್ಕಾರಿ ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆಯ ನಂತರ ಇಂಗ್ಲಿಷಿನ 'ಜಿ' ಅಕ್ಷರ ಇರುತ್ತದೆ. ಹತ್ತಂಕಿಯ ಸಾಮಾನ್ಯ ಸಂಖ್ಯೆಯಿಂದ ಬಂದದ್ದನ್ನು ಸರ್ಕಾರದ್ದೆಂದು ನಂಬಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಭತ್ತಕ್ಕೆ ಕಂದು ಜಿಗಿಹುಳು ಬಂದಿದೆ, ಗದ್ದೆಯ ನೀರು ಬಸಿದು ಬುಡಕ್ಕೆ ಸಿಂಪಡಿಸಿ ಎಂಬ ಸಂದೇಶ ಬಂದಿದೆ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು. ಇದ್ದ ನೀರನ್ನು ಬಿಟ್ಟರೆ ಮತ್ತೆ ಯಾವಾಗ ಸಿಗುವುದೋ ತಿಳಿಯದು. — ಸಿರವಾರ ತಾಲ್ಲೂಕು

ಉತ್ತರ: ಸಲಹೆ ಶಾಸ್ತ್ರದ ಪ್ರಕಾರ ಸರಿಯಾಗಿದೆ, ಆದರೆ ಕಾಲುವೆಯ ತಲೆಭಾಗದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಜಿಗಿಹುಳು ನೀರಿನ ಮಟ್ಟದ ಮೇಲೆ, ಬುಡದ ತಂಪಿನಲ್ಲಿ ಕುಳಿತು ರಸ ಹೀರುತ್ತದೆ. ಮೂರು ನಾಲ್ಕು ದಿನ ನೀರು ತೆಗೆದರೆ ಆ ತಂಪು ಕಡಿಮೆಯಾಗುತ್ತದೆ. ಕಾಲುವೆಗೆ ಆನ್-ಆಫ್ ಪದ್ಧತಿಯಲ್ಲಿ ನೀರು ಬಿಡುತ್ತಿದ್ದರೆ ನೀರು ನಿಲ್ಲುವ ದಿನಗಳಲ್ಲಿ ನಿಮ್ಮ ಗದ್ದೆ ತಾನಾಗಿಯೇ ಆರುತ್ತದೆ. ಇದ್ದ ನೀರನ್ನು ಹೊರಗೆ ಬಿಡಬೇಡಿ, ಅದು ಇಂಗಿ ನೆಲ ಬಿರಿಯುವ ಮುನ್ನ, ಕೆಸರು ಹಸಿಯಿರುವಾಗ ಸಿಂಪಡಿಸಿ. ಅದಕ್ಕೂ ಮೊದಲು ಹತ್ತಾರು ಕಡೆ ಗುಣಿಯನ್ನು ಬಾಗಿಸಿ ತಟ್ಟಿ ನೋಡಿ. ಗುಣಿಗೆ ಹತ್ತರಿಂದ ಹದಿನೈದು ಹುಳು ಇಲ್ಲದಿದ್ದರೆ ಕಾಯಬಹುದು. ಇದ್ದರೆ ಎರಡು ಮೂರು ಮೀಟರಿಗೊಮ್ಮೆ ಪೈರನ್ನು ಎರಡೂ ಕಡೆ ಬಾಗಿಸಿ ಒಂದಡಿ ಓಣಿ ಮಾಡಿ ಗಾಳಿಯಾಡಲು ಬಿಟ್ಟು, ಪೈಮೆಟ್ರೋಜಿನ್ 50 ಡಬ್ಲ್ಯೂ.ಜಿ.ಯನ್ನು ಲೀಟರಿಗೆ 0.6 ಗ್ರಾಂನಂತೆ ಬುಡಕ್ಕೆ ತಾಗುವ ಹಾಗೆ ಹೊಡೆಯಿರಿ. ತೆನೆಯ ಮೇಲೆ ಹೊಡೆದದ್ದು ಹುಳುವಿಗೆ ಮುಟ್ಟುವುದೇ ಇಲ್ಲ. ಪೈರೆಥ್ರಾಯ್ಡ್ ಗುಂಪಿನ ಔಷಧಿ ಬೇಡ. ಅದು ಜಿಗಿಹುಳುವನ್ನು ತಿನ್ನುವ ಜೇಡಗಳನ್ನು ಕೊಂದು ಬಾಧೆಯನ್ನು ಇಮ್ಮಡಿಸುತ್ತದೆ. ಯೂರಿಯಾ ಸದ್ಯಕ್ಕೆ ನಿಲ್ಲಿಸಿ.

ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ದಿನಗಳು ಕೀಟದ ಸಲಹೆಯ ಜೊತೆಯಲ್ಲೇ ಸಂದೇಶವಾಗಿ ಬರಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ನೀರಿನ ಖಚಿತ ಸುದ್ದಿಗೆ ಎಷ್ಟು ಬೆಲೆಯಿದೆ ಎಂಬುದು ಅಚ್ಚುಕಟ್ಟಿನ ಎಲ್ಲರಿಗೂ ಮನದಟ್ಟಾಗಿದೆ. ನಿಮ್ಮ ನೀರು ಬಳಕೆದಾರರ ಸಂಘದ ಸಭೆಯಲ್ಲಿ ಇದನ್ನು ಲಿಖಿತವಾಗಿ ಕೇಳಿ.

ಪ್ರಶ್ನೆ: ಮಳೆಗಾಲಕ್ಕೆ ಮುನ್ನ ಕುರಿಗಳಿಗೆ ಕರುಳುಬೇನೆ ಲಸಿಕೆ ಹಾಕಿಸಿ ಎಂಬ ಸಂದೇಶ ಬಂದಾಗ ಮಳೆ ಬಿದ್ದು ವಾರವಾಗಿತ್ತು. ಹಿಂಡಿನ ದಷ್ಟಪುಷ್ಟ ಮರಿಗಳೇ ಸಾಯುತ್ತಿವೆ, ಬಡಕಲು ಮರಿಗಳು ಚೆನ್ನಾಗಿವೆ. ಈಗ ಲಸಿಕೆ ಹಾಕಿಸಿ ಉಪಯೋಗವಿದೆಯೇ? — ಯಲಬುರ್ಗಾ ತಾಲ್ಲೂಕು

ಉತ್ತರ: ದಷ್ಟಪುಷ್ಟ ಮರಿಗಳೇ ಸಾಯುತ್ತಿರುವುದು ಕರುಳುಬೇನೆಯ ಕಡೆಗೇ ಬೆರಳು ತೋರುತ್ತದೆ. ಈ ರೋಗದ ಅಣು ಕುರಿಯ ಕರುಳಿನಲ್ಲಿ ಮೊದಲೇ ಇರುತ್ತದೆ. ಬೇಸಿಗೆಯಲ್ಲಿ ಒಣಮೇವು ತಿಂದ ಕುರಿ ಹೊಸ ಮಳೆಯ ಎಳೆ ಹುಲ್ಲನ್ನು ಒಮ್ಮೆಲೇ ಹೊಟ್ಟೆತುಂಬ ಮೇಯ್ದಾಗ ಅಣುಗಳು ಮಿತಿಮೀರಿ ಬೆಳೆದು ವಿಷ ಉಗುಳುತ್ತವೆ. ಚುರುಕಾಗಿ ಹೆಚ್ಚು ಮೇಯುವ ಮರಿಯೇ ಮೊದಲು ಬಲಿಯಾಗುತ್ತದೆ. ಸಂಜೆ ಚೆನ್ನಾಗಿದ್ದ ಮರಿ ಬೆಳಗಾಗುವಷ್ಟರಲ್ಲಿ ತಲೆ ಹಿಂದಕ್ಕೆ ಸೆಟೆದು ಸತ್ತಿರುತ್ತದೆ, ಆದ್ದರಿಂದ ಚಿಕಿತ್ಸೆಗೆ ಸಮಯವೇ ಸಿಗುವುದಿಲ್ಲ.

ಈಗಲೂ ಲಸಿಕೆ ಹಾಕಿಸಿ, ಆದರೆ ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಬೇಕು, ಮೊದಲ ಬಾರಿ ಪಡೆಯುವ ಮರಿಗಳಿಗೆ ಎರಡನೆಯ ಚುಚ್ಚುಮದ್ದೂ ಬೇಕಾಗುತ್ತದೆ. ಆ ಎರಡು ವಾರ ಮರಿಗಳನ್ನು ಉಳಿಸುವುದು ನಿಮ್ಮ ಮೇಯಿಸುವ ಕ್ರಮ. ಬೆಳಿಗ್ಗೆ ಹಸಿದ ಹಿಂಡನ್ನು ನೇರವಾಗಿ ಹಸಿರಿಗೆ ಬಿಡದೆ, ಹಟ್ಟಿಯಲ್ಲೇ ಸ್ವಲ್ಪ ಒಣಮೇವು, ಶೇಂಗಾ ಹೊಟ್ಟು ತಿನ್ನಿಸಿ, ಮಂಜಿನ ಹನಿ ಆರಿದ ಮೇಲೆ ಬಿಡಿ. ಎಳೆ ಹುಲ್ಲಿನಲ್ಲಿ ಮೊದಲು ಸ್ವಲ್ಪ ಹೊತ್ತು, ದಿನದಿನಕ್ಕೆ ಹೆಚ್ಚಿಸುತ್ತ ಹೋಗಿ. ಟಗರು ಮರಿಗಳಿಗೆ ಕಾಳು ಹಾಕುತ್ತಿದ್ದರೆ ನಿಲ್ಲಿಸಿ. ಸತ್ತ ಒಂದು ಮರಿಯನ್ನಾದರೂ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆಗೆ ಕೊಡಿ, ಏಕೆಂದರೆ ಮಳೆಗಾಲದಲ್ಲಿ ಗಳಲೆ ರೋಗ, ನೀಲಿನಾಲಿಗೆ ರೋಗಗಳೂ ಬರುತ್ತವೆ, ಒಂದರ ಲಸಿಕೆ ಇನ್ನೊಂದನ್ನು ತಡೆಯದು. ಆದರೆ ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರಿದ ಶವವಾದರೆ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನವಿರುತ್ತದೆ. ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮುಟ್ಟದೆ ವೈದ್ಯರನ್ನೇ ಅಲ್ಲಿಗೆ ಕರೆಸಬೇಕು.

ಸಂದೇಶ ತಡವಾಗಿ ಬಂದದ್ದು ತಪ್ಪೇ. ಮುಂದಿನ ವರ್ಷ ಅದಕ್ಕೆ ಕಾಯಬೇಡಿ, ಮೇ ತಿಂಗಳಲ್ಲೇ ಪಶು ಆಸ್ಪತ್ರೆಯಲ್ಲಿ ಹಿಂಡಿನ ಸಂಖ್ಯೆ ಬರೆಸಿ ಲಸಿಕೆ ಕೇಳಿ. ಒಮ್ಮೆ ಹಾಕಿಸಿದರೆ ಮೂರು ವರ್ಷ ರಕ್ಷಣೆ ಕೊಡುವ ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಲಸಿಕೆಯಂತಲ್ಲ ಇದು, ಪ್ರತಿವರ್ಷವೂ ಬೇಕು. ಲಸಿಕೆಯನ್ನು ನೀವೇ ಹಟ್ಟಿಗೆ ಒಯ್ಯುವುದಾದರೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಒಯ್ಯಬೇಕು. ಮೇ ತಿಂಗಳ ಬಿಸಿಲಿನಲ್ಲಿ ಬೈಕಿನ ಚೀಲದಲ್ಲಿಟ್ಟು ತಂದದ್ದು ನೀರು ಚುಚ್ಚಿದಂತೆಯೇ. ಇನ್ನೊಂದು ಮಾತು ನಿಮ್ಮಂಥ ಸಂಚಾರಿ ಕುರಿಗಾರರಿಗೆ ಬಹಳ ಮುಖ್ಯ. ನಿಮ್ಮ ಸಂಖ್ಯೆ ಯಲಬುರ್ಗಾದಲ್ಲಿ ನೋಂದಣಿಯಾಗಿದ್ದರೆ ಅಲ್ಲಿನ ರೋಗಗಳ ಸಂದೇಶವೇ ಬರುತ್ತದೆ, ಹಿಂಡು ಸಿರುಗುಪ್ಪದ ಭತ್ತದ ಕೂಳೆಯಲ್ಲಿ ತಂಗಿದ್ದರೂ ಅಷ್ಟೇ. ಹೊಸ ಸೀಮೆಗೆ ಹಿಂಡು ಹೊಡೆದಾಗ ಅಲ್ಲಿನ ಪಶು ಆಸ್ಪತ್ರೆಯಲ್ಲಿ ಮೊದಲ ದಿನವೇ ನಿಮ್ಮ ಫೋನ್ ಸಂಖ್ಯೆ ಕೊಟ್ಟು, ಸುತ್ತಮುತ್ತ ಯಾವ ರೋಗವಿದೆ, ಹಿಂಡಿಗೆ ಯಾವ ಲಸಿಕೆ ಬಾಕಿಯಿದೆ ಎಂಬುದನ್ನು ಕೇಳಿಕೊಂಡೇ ಹಟ್ಟಿ ಹಾಕಿ.